ಆಬ್ವಿಯಸ್ಲಿ ಎಂದಾಗ ಯಾರ ಬಾಯಿ ಮುಚ್ಚಿತು?

ರೈಲಿನಲ್ಲಿ ಪಕ್ಕದ ಸೀಟು ತೋರಿಸಿ ಯಾರಾದರೂ ಇಂಗ್ಲಿಷಿನಲ್ಲಿ ‘ಇಲ್ಲಿ ಕೂರಬಹುದಾ?’ ಎಂದು ಕೇಳಿದರೆ ‘ಆಫ್ ಕೋರ್ಸ್’ ಎನ್ನುತ್ತೇವೆ. ಆ ಉತ್ತರದಲ್ಲಿ ಜಾಗವೂ ಉಂಟು, ಮರ್ಯಾದೆಯೂ ಉಂಟು. ಅದೇ ಪ್ರಶ್ನೆಗೆ ‘ಆಬ್ವಿಯಸ್ಲಿ’ ಎಂದು ನೋಡಿ. ಜಾಗವೇನೋ ಸಿಗುತ್ತದೆ, ಆದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ‘ಇಷ್ಟೂ ಗೊತ್ತಾಗಲಿಲ್ಲವೇ’ ಎಂಬ ಮಾತು ಅದರೊಳಗೆ ಅಡಗಿ ಕೂತಿದೆ. ನಿಘಂಟಿನಲ್ಲಿ ಈ ಎರಡೂ ಅಕ್ಕಪಕ್ಕದ ಮನೆಯವು.

ಖಚಿತತೆ ಹೇಳುವ ಇಂಗ್ಲಿಷಿನ ಕ್ರಿಯಾವಿಶೇಷಣಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಲಾಗದು. ‘ಸರ್ಟನ್ಲಿ’ ಎಂದವರು ಮಾತಿನ ಹೊಣೆ ತಾವೇ ಹೊರುತ್ತಾರೆ. ‘ಕ್ಲಿಯರ್ಲಿ’ ಎಂದವರು ಪುರಾವೆಯ ಕಡೆ ಬೆರಳು ತೋರಿಸುತ್ತಾರೆ. ‘ಆಬ್ವಿಯಸ್ಲಿ’ ಮಾತ್ರ ಭಾರವನ್ನೆಲ್ಲ ಕೇಳುವವರ ತಲೆಗೆ ದಾಟಿಸಿಬಿಡುತ್ತದೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ದಾರಿಯಲ್ಲಿ ಎದುರಾದದ್ದು’. ದಾರಿಗಡ್ಡ ನಿಂತದ್ದೇ ಕಾಣದಿದ್ದರೆ ತಪ್ಪು ನೋಡುವವರದು ಎಂಬ ಧ್ವನಿ ಹುಟ್ಟಿನಿಂದಲೇ ಬಂದಂತಿದೆ.

ಈ ಪದ ನಿಜಕ್ಕೂ ಏಟು ಕೊಡುವುದು ತರಗತಿಯಲ್ಲಿ. ಕರಿಹಲಗೆಯ ಮೇಲೆ ಸಮೀಕರಣದ ಎರಡು ಸಾಲು ಬರೆದು, ‘ಆಬ್ವಿಯಸ್ಲಿ’ ಎಂದು ಮೇಷ್ಟ್ರು ಒಮ್ಮೆಲೇ ಐದನೆಯ ಸಾಲಿಗೆ ಹಾರುತ್ತಾರೆ. ಅರ್ಧ ಎತ್ತಿದ್ದ ಕೈ ಅಲ್ಲೇ ಇಳಿಯುತ್ತದೆ. ಹತ್ತನೆಯವರೆಗೆ, ಕೆಲವೊಮ್ಮೆ ಪಿಯುಸಿಯವರೆಗೂ, ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಬಂದ ಹುಡುಗ ಹುಡುಗಿಯರಿಗೆ ಅದು ಎರಡು ಪಟ್ಟು ಭಾರ. ತನಗೆ ತಿಳಿಯದೆ ಹೋದದ್ದು ಲೆಕ್ಕವೋ ಭಾಷೆಯೋ ಎಂದು ವಿಚಾರಿಸುವ ಮೊದಲೇ ಪ್ರಶ್ನೆಯ ಬಾಗಿಲು ಮುಚ್ಚಿರುತ್ತದೆ. ಮೇಷ್ಟ್ರಿಗೆ ಅವಮಾನ ಮಾಡುವ ಉದ್ದೇಶ ಇರುವುದಿಲ್ಲ. ಹಾಗಿದ್ದೂ ಅವಮಾನ ಆಗಿಯೇ ಆಗುತ್ತದೆ, ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲು ನನ್ನಿಂದಾಗದು.

ಇನ್ನೊಂದು ಸಂಗತಿ: ಖಚಿತತೆಯ ಪದಗಳು ಬಳಸಿದಷ್ಟೂ ಸವೆಯುತ್ತವೆ. ‘ಅಪ್ಯಾರೆಂಟ್ಲಿ’ಗೆ ಒಂದು ಕಾಲದಲ್ಲಿ ‘ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ’ ಎಂಬ ಅರ್ಥವಿತ್ತು. ಇಂದು ಅದು ‘ಹಾಗಂತೆ’ ಎಂಬ ಮಟ್ಟಕ್ಕೆ ಇಳಿದಿದೆ. ಹಳೆಯ ಅರ್ಥ ಇನ್ನೂ ಬದುಕಿರುವುದು ಬ್ರಿಟನ್ನಿನ ಅರಮನೆಯಲ್ಲಿ. ಅಲ್ಲಿ ‘ಏರ್ ಅಪ್ಯಾರೆಂಟ್’ ಎಂದರೆ ಇನ್ಯಾರ ಜನನವೂ ಅಲುಗಾಡಿಸಲಾರದ ವಾರಸುದಾರ. ಎರಡನೆಯ ಎಲಿಜಬೆತ್‌ಗೆ 1952ರಲ್ಲಿ ಪಟ್ಟಕ್ಕೆ ಬರುವವರೆಗೂ ಆ ಹೆಸರು ಸಿಗಲಿಲ್ಲ. ಒಬ್ಬ ತಮ್ಮ ಹುಟ್ಟಿದ್ದರೆ ಸಿಂಹಾಸನ ಅವನ ಪಾಲಾಗುತ್ತಿತ್ತು. ‘ಡೌಟ್‌ಲೆಸ್’, ‘ನೋ ಡೌಟ್’ಗಳದ್ದೂ ಇದೇ ಪಾಡು. ‘ನೋ ಡೌಟ್, ತಾವು ಸುದ್ದಿ ಕೇಳಿದ್ದೀರಿ’ ಎಂದು ಕಾಗದ ಬರೆಯುವವರ ಮನಸ್ಸಿನಲ್ಲಿರುವುದು ‘ಕೇಳಿರಬಹುದು’ ಎಂಬಷ್ಟೇ ನಂಬಿಕೆ.

ಸವೆಯುವುದೇಕೆ? ಕಿಟಕಿಯಾಚೆ ಮಳೆ ಕಾಣುತ್ತಿದ್ದರೆ ‘ಮಳೆ ಬರ್ತಿದೆ’ ಎನ್ನುತ್ತೇವೆ, ಮುಗಿಯಿತು. ‘ಖಂಡಿತ ಮಳೆ ಬರ್ತಿರಬೇಕು’ ಎನ್ನುವುದು ಒಳಗೆ ಕೂತು, ಬಂದವರ ಕೈಯಲ್ಲಿ ಒದ್ದೆ ಕೊಡೆ ನೋಡಿದಾಗ. ತಿಳಿದದ್ದಕ್ಕೆ ಒತ್ತು ಬೇಡ, ಊಹೆಗೆ ಬೇಕು. ಊಹೆಯ ಪಕ್ಕದಲ್ಲೇ ಮತ್ತೆಮತ್ತೆ ಕಾಣಿಸಿಕೊಂಡ ಪದಕ್ಕೆ ಊಹೆಯ ಬಣ್ಣ ಅಂಟದೆ ಇರುವುದಿಲ್ಲ.

ಅಮೆರಿಕದ ತತ್ತ್ವಜ್ಞಾನಿ ಡೇನಿಯಲ್ ಡೆನೆಟ್ ಇದನ್ನು ಓದುಗರ ಕೈಗೆ ಒಂದು ಸಲಕರಣೆಯಾಗಿ ಕೊಟ್ಟರು. 2013ರ ತಮ್ಮ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ಯಾವುದೇ ವಾದದಲ್ಲಿ ‘ಶೂರ್ಲಿ’ ಕಂಡೊಡನೆ ತಲೆಯೊಳಗೆ ಗಂಟೆ ಬಾರಿಸಲಿ, ವಾದ ದುರ್ಬಲವಾಗಿರುವುದು ಬಹಳ ಸಲ ಅಲ್ಲಿಯೇ. ಬರೆದವರಿಗೆ ಅದು ಪೂರ್ತಿ ಗಟ್ಟಿಯೆನಿಸಿದ್ದರೆ ಆ ಪದ ಬೇಕಿರಲಿಲ್ಲ. ಅನುಮಾನ ಹೆಚ್ಚಿದ್ದರೆ ಆಧಾರ ಕೊಡುತ್ತಿದ್ದರು. ಎರಡೂ ಇಲ್ಲದ ನಡುಜಾಗದಲ್ಲಿ ಓದುಗ ಹೂಂಗುಟ್ಟಲಿ ಎಂದು ‘ಶೂರ್ಲಿ’ ಬರುತ್ತದೆ. ಒಂದು ಸಂಪಾದಕೀಯ ತೆಗೆದುಕೊಂಡು ಈ ಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದು ನೋಡಿ, ಡೆನೆಟ್ ಮಾತಿನ ತೂಕ ತಿಳಿಯುತ್ತದೆ.

‘ಆಬ್ವಿಯಸ್ಲಿ’ಗೂ ಒಳ್ಳೆಯ ಬಳಕೆ ಇದೆ ಎನ್ನದಿದ್ದರೆ ಅನ್ಯಾಯವಾದೀತು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರು ಪಂದ್ಯ ಸೋತು ಮೈಕಿನ ಮುಂದೆ ನಿಂತಾಗ ಮೊದಲು ಬರುವುದು ಅದೇ ಪದ: ಆಬ್ವಿಯಸ್ಲಿ, ಬೇಸರವಾಗಿದೆ. ಇದಕ್ಕಾಗಿ ಅವರನ್ನು ಗೇಲಿ ಮಾಡುವವರಿದ್ದಾರೆ. ನನಗೆ ಅದರಲ್ಲಿ ಸೌಜನ್ಯವೇ ಕಾಣುತ್ತದೆ. ‘ನೀವೂ ಆಟ ನೋಡಿದ್ದೀರಿ, ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ’ ಎಂದು ನೋಡುಗರನ್ನು ತಮ್ಮ ಮಟ್ಟಕ್ಕೆ ಕೂರಿಸಿಕೊಳ್ಳುತ್ತಾರೆ. ಇಬ್ಬರಿಗೂ ನಿಜವಾಗಿ ಗೊತ್ತಿರುವುದಕ್ಕೆ ಬಳಸಿದಾಗ ಈ ಪದ ಯಾರನ್ನೂ ನೋಯಿಸುವುದಿಲ್ಲ.

ಗೊತ್ತಿಲ್ಲದವರ ಮುಂದೆ ಬಳಸಿದಾಗ ಏನು ಮಾಡಬೇಕೆಂಬುದನ್ನು ನಥಾನಿಯಲ್ ಬೌಡಿಚ್ ಮಾಡಿ ತೋರಿಸಿದರು. 1773ರಲ್ಲಿ ಅಮೆರಿಕದ ಸೇಲಂ ಬಂದರಿನಲ್ಲಿ ಹುಟ್ಟಿದವರು. ಬಡತನದಿಂದ ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು, ಹಡಗಿನ ಸಾಮಾನು ಮಾರುವ ಅಂಗಡಿಯಲ್ಲಿ ದುಡಿದು, ನ್ಯೂಟನ್ನನನ್ನು ಓದಲೆಂದೇ ಲ್ಯಾಟಿನ್ ಕಲಿತರು. ಆಮೇಲೆ ಫ್ರೆಂಚ್ ಗಣಿತಜ್ಞ ಲಪ್ಲಾಸ್‌ನ ಆಕಾಶಕಾಯಗಳ ಚಲನೆಯ ಮಹಾಗ್ರಂಥವನ್ನು ಇಂಗ್ಲಿಷಿಗೆ ತರಲು ಕೂತರು. ಲಪ್ಲಾಸ್‌ಗೆ ‘ಇದು ಸುಲಭವಾಗಿ ಕಾಣುತ್ತದೆ’ ಎಂದು ಬರೆದು ಮುಂದೆ ಸಾಗುವ ಅಭ್ಯಾಸ. ಅಂಥ ಸಾಲು ಎದುರಾದಾಗಲೆಲ್ಲ, ನಡುವಿನ ಕಂದಕ ತುಂಬಲು ಗಂಟೆಗಟ್ಟಲೆ ಹೆಣಗಬೇಕು ಎಂದು ತನಗೆ ಗೊತ್ತಾಗುತ್ತಿತ್ತು ಎಂದರು ಬೌಡಿಚ್. ಹೆಣಗಿದರು ಕೂಡ. ಬಿಟ್ಟುಹೋದ ಹೆಜ್ಜೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಪುಟದಡಿ ಟಿಪ್ಪಣಿಯಾಗಿ ಬರೆದರು. ಮೂಲಕ್ಕಿಂತ ಗ್ರಂಥ ಎರಡು ಪಟ್ಟಿಗೂ ಹೆಚ್ಚು ಬೆಳೆಯಿತು. ಅಚ್ಚಿನ ಖರ್ಚು ಕೊಡಲು ಅಮೆರಿಕನ್ ಅಕಾಡೆಮಿ ಮುಂದೆ ಬಂದರೂ ಒಪ್ಪದೆ ಸ್ವಂತ ಹಣ ಸುರಿದರು. ಮೊದಲ ಸಂಪುಟ ಬಂದದ್ದು 1829ರಲ್ಲಿ. ನಾಲ್ಕನೆಯದು 1839ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅದರ ಕೆಲವು ಪುಟಗಳಲ್ಲಿ ಲಪ್ಲಾಸ್‌ನದು ಕೆಲವೇ ಸಾಲು, ಉಳಿದದ್ದೆಲ್ಲ ‘ಸುಲಭವಾಗಿ ಕಾಣುತ್ತದೆ’ ಎಂದದ್ದು ಕಾಣುವಂತೆ ಮಾಡಿದ ಲೆಕ್ಕ.