ನೋವಿಗೆ ತೊಡಿಸಿದ ಚೆಲುವು



ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಕುಟುಂಬಗಳು ಮೈಸೂರಿಗೆ ಹೋದಾಗ ಪ್ರಧಾನಾಲಯವನ್ನು ಸಂದರ್ಶಿಸದೆ ಹಿಂದಿರುಗುವುದು ಅಪರೂಪ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಆ ದೇವಾಲಯದ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾಳ ಪ್ರತಿಮೆಯಿದೆ. ಅದರ ಮುಂದೆ ನಿಂತಾಗ ನಿಮ್ಮ ಮನಸ್ಸಿಗೆ ಮೊದಲು ತೋರುವುದು ಆಕೆಯ ಚೆಲುವೋ, ಆಕೆ ಪಟ್ಟ ನೋವೋ?

1802ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸಮಾಧಿಗಳಲ್ಲಿ ಹರೆಯದ ಬಾಲೆಯೊಬ್ಬಳ ಅಸ್ಥಿಗಳು ದೊರೆತವು. ಸಮಾಧಿಯನ್ನು ಮುಚ್ಚಿದ್ದ ಹೆಂಚುಗಳ ಮೇಲೆ ಒಂದು ಹೆಸರು, ಲಂಗರು, ಬಾಣ ಮುಂತಾದ ಚಿಹ್ನೆಗಳಿದ್ದವು, ಜೀವನಚರಿತ್ರೆ ಇರಲಿಲ್ಲ. ಅದು ಹರಡಿದ್ದು ಮೂರು ದಶಕಗಳ ಬಳಿಕ, ಸನ್ಯಾಸಿನಿಯೊಬ್ಬರ ದರ್ಶನಗಳ ಮೂಲಕ. ಚಕ್ರವರ್ತಿ ಡಯೊಕ್ಲೇಷಿಯನ್ ಅವಳ ಸೌಂದರ್ಯಕ್ಕೆ ಮರುಳಾದ, ಅವಳು ಒಲ್ಲೆನೆಂದಳು. ಆಮೇಲೆ ಚಾಟಿ, ಲಂಗರು, ಬಾಣ, ಕೊನೆಗೆ ಖಡ್ಗ. ಆದರೂ ಕಲಾವಿದರು ಅವಳನ್ನು ಕಲೆಯಿಲ್ಲದ ಮೊಗದ, ನಿದ್ರಿಸುವ ರಾಜಕುಮಾರಿಯಂತೆ ರೂಪಿಸಿದರು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಯಿತು. ಜನರ ಭಕ್ತಿ ಉಳಿಯಿತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಗಾಯವನ್ನು ಮರೆಮಾಚುವ ಚೆಲುವಿನ ಬಗ್ಗೆ ಎಚ್ಚರ ಬೇಕು.

ಧರ್ಮಸಭೆಗೆ ಈ ಎಚ್ಚರ ಹೊಸದಲ್ಲ. ಸುಮಾರು 1435ರಲ್ಲಿ ರೋಜಿಯರ್ ವಾನ್ ಡರ್ ವೈಡನ್ ಚಿತ್ರಿಸಿದ ಶಿಲುಬೆಯಿಳಿಕೆಯಲ್ಲಿ ಮಾತೆ ಮರಿಯಮ್ಮನವರು ಮೂರ್ಛೆಹೋಗಿ ಕುಸಿಯುತ್ತಾರೆ. ಆ ಮೂರ್ಛೆಗೊಂದು ಹಬ್ಬವನ್ನೇ ವಿಧಿಸಬೇಕೆಂಬ ಬೇಡಿಕೆ ಬಂದಾಗ, 1506ರಲ್ಲಿ ದೈವಶಾಸ್ತ್ರಜ್ಞ ಕಜೆತಾನ್ ಅದನ್ನು ನಿರಾಕರಿಸಿ ಬರೆದರು. ಯೊವಾನ್ನನ ಶುಭಸಂದೇಶದ ಪ್ರಕಾರ ಆ ತಾಯಿ ಶಿಲುಬೆಯ ಬಳಿ ಕುಸಿಯಲಿಲ್ಲ, ನಿಂತಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆ ಮನೋವಿಶ್ಲೇಷಣೆಗೂ ಎದುರಾಯಿತು. ನೋವನ್ನು ಅಪ್ಪಿಕೊಳ್ಳುವ ಒಂದು ಪ್ರವೃತ್ತಿಯನ್ನು ಫ್ರಾಯ್ಡ್ 1924ರಲ್ಲಿ ಸ್ತ್ರೀಸ್ವಭಾವದ ಅಭಿವ್ಯಕ್ತಿಯೆಂದು ಕರೆದರು. 1935ರಲ್ಲಿ ಕ್ಯಾರನ್ ಹಾರ್ನೈ ಎಂಬ ವೈದ್ಯೆ ಅದನ್ನು ಪ್ರಶ್ನಿಸಿದರು. ಹಣಕ್ಕಾಗಿ ಪರಾವಲಂಬನೆ, ಹೆಣ್ಣು ಕೀಳೆಂಬ ನಂಬಿಕೆ, ಮನೆ ಮತ್ತು ಧರ್ಮಕಾರ್ಯಗಳಿಗಷ್ಟೇ ಸೀಮಿತವಾದ ಬದುಕು ಇವನ್ನು ಮೊದಲು ಪರಿಶೀಲಿಸಿ ಎಂಬುದು ಅವರ ವಾದ.

ನಮ್ಮ ಸೀಮೆಯ ಕಂಸಾಳೆಯವರಿಗೆ ಇದು ತಿಳಿದ ಮಾತೇ. ಮಲೆ ಮಾದೇಶ್ವರನ ಕಾವ್ಯದಲ್ಲಿ ಕಾಡಿಗೆ ಹೊರಟ ನೀಲಯ್ಯ ಹೆಂಡತಿ ಸಂಕಮ್ಮನಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ಅವಳು ಕೊಡಲೊಪ್ಪದಾಗ ಕ್ರೂರವಾಗಿ ಹಿಂಸಿಸುತ್ತಾನೆ. ಮಾದೇಶ್ವರ ಅವಳ ಸಹನೆಯನ್ನು ಹೊಗಳುತ್ತಾ ನಿಲ್ಲುವುದಿಲ್ಲ, ಕಟ್ಟು ಬಿಡಿಸುತ್ತಾನೆ.

ನಾವೇನು ಮಾಡಿದ್ದೇವೆ? ಗಂಡನ ಹೊಡೆತ ತಿಂದು ಬಂದ ತಾಯಿಗೆ, “ವ್ಯಾಕುಲಮಾತೆಯೂ ಸಹಿಸಿಕೊಂಡರಲ್ಲವೇನಮ್ಮಾ?” ಎಂದು ಸಮಾಧಾನ ಹೇಳಿ ಕಳುಹಿಸಿದ ಗುರುಗಳಲ್ಲಿ ನಾನೂ ಒಬ್ಬ. ಆಕೆ ತಲೆಬಾಗಿಸಿ ಹೊರಟುಹೋದರು. ಅಂದು ನಾನು ಹೇಳಿದ್ದು ಶುಭಸಂದೇಶವಲ್ಲವೆಂದು ಅರಿಯಲು ನನಗೆ ವರ್ಷಗಳೇ ಬೇಕಾದವು. ಮಗನಿಗಾಗಿ ಪಟ್ಟ ನೋವು ಪ್ರೀತಿಯ ಬೆಲೆ. ಹೊಡೆತದ ನೋವು ಇನ್ನೊಬ್ಬನ ಪಾಪದ ಫಲ. ಇವೆರಡಕ್ಕೂ ಒಂದೇ ಹೆಸರಿಡಲಾಗದು.

18 ವರ್ಷ ನಡು ಬಗ್ಗಿಹೋಗಿದ್ದ ಮಹಿಳೆಯನ್ನು ಪ್ರಭು ಯೇಸು ಕಂಡಾಗ ಆಕೆಯ ತಾಳ್ಮೆಯನ್ನು ಹೊಗಳಲಿಲ್ಲ; ಹತ್ತಿರ ಕರೆದು ನೆಟ್ಟಗೆ ನಿಲ್ಲಿಸಿದರು. ಮುಂದಿನ ಸಲ ಪ್ರಧಾನಾಲಯದ ಆ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚುವಾಗ, ನಿಮ್ಮ ಮನೆಯಲ್ಲಿ ಬಾಗಿ ನಡೆಯುತ್ತಿರುವವರು ಯಾರೆಂದು ಒಮ್ಮೆ ನೆನೆಯಿರಿ.