ಕಡತದಿಂದ ದತ್ತಸಂಚಯಕ್ಕೆ: ಕರ್ನಾಟಕದ ಭೂದಾಖಲೆ ಮತ್ತು ತಿದ್ದುವ ಅಧಿಕಾರ

ಕಚೇರಿಯ ಕಾಗದದ ಕಟ್ಟಿಗೂ ಗಣಕಯಂತ್ರದೊಳಗಿನ ಫೈಲಿಗೂ ಇಂದು ಬಳಕೆಯಾಗುವ ‘ಕಡತ’ ಎಂಬ ಪದ ಮೂಲತಃ ಒಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಯೇ ಕಡತ. ಅದರ ಮೇಲೆ ಬಳಪದಿಂದ ಬರೆಯಲಾಗುತ್ತಿತ್ತು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಮಲೆನಾಡಿನ ಆರ್ಥಿಕ ಮತ್ತು ಆಡಳಿತ ಚರಿತ್ರೆಗೆ ಮಹತ್ವದ ಆಕರಗಳಾಗಿವೆ. ಕಡತದ ದೊಡ್ಡ ಗುಣವೆಂದರೆ ಅದನ್ನು ಅಳಿಸಿ ಮತ್ತೆ ಬರೆಯಬಹುದು. ಅದರ ದೊಡ್ಡ ದೋಷವೂ ಅದೇ.

ಶಿಲಾಶಾಸನದ ಸ್ವಭಾವ ಇದಕ್ಕೆ ನೇರ ವಿರುದ್ಧವಾದುದು. ಕಲ್ಲಿನಲ್ಲಿ ಕೊರೆದ ಭೂದಾನವನ್ನು ಸುಲಭವಾಗಿ ತಿದ್ದಲಾಗದು. ಅದಕ್ಕೆ ಕಾವಲಾಗಿ ಕೊನೆಯಲ್ಲಿ ಶಾಪಾಶಯವೊಂದು ಇರುತ್ತದೆ. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲುವುದೆಂಬ ಮಾತು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಭೂಮಿ ಕೈಬದಲಾಗುತ್ತದೆ, ಹೊಲ ಪಾಲಾಗುತ್ತದೆ, ಮೇಲೆ ಸಾಲ ಹುಟ್ಟುತ್ತದೆ. ತಿದ್ದಲಾಗದ ದಾಖಲೆ ಇದಕ್ಕೆ ಸಾಲದು. ಗುರುತಿಲ್ಲದೆ ತಿದ್ದಬಹುದಾದ ದಾಖಲೆಯನ್ನು ನಂಬಲಾಗದು. ಭೂದಾಖಲೆಯ ಚರಿತ್ರೆಯನ್ನು ಈ ಎರಡರ ನಡುವಿನ ಎಳೆದಾಟವಾಗಿ ನೋಡುವುದು ಸಾಧ್ಯ.

ಈ ನಡುವಣ ಸ್ಥಾನವನ್ನು ಬಹುಕಾಲ ತುಂಬಿದವನು ಶಾನುಭೋಗ. ದಫ್ತರ ಅವನ ಮನೆಯಲ್ಲಿರುತ್ತಿತ್ತು. ಯಾವ ಹೊಲ ಯಾರದು, ಯಾವ ಬದು ಯಾವಾಗ ಸರಿಯಿತು ಎಂಬುದು ಅರ್ಧ ಬರಹದಲ್ಲಿ, ಅರ್ಧ ಅವನ ನೆನಪಿನಲ್ಲಿ ಇರುತ್ತಿತ್ತು. ಬರೆಯುವವನು, ಹುಡುಕಿಕೊಡುವವನು, ಕಾಯುವವನು ಮೂವರೂ ಒಬ್ಬನೇ. ಜನಪದ ಕಥೆಗಳು ಶಾನುಭೋಗನನ್ನು ಜಾಣನೆಂದು ಮೆಚ್ಚುತ್ತಲೇ ಅವನ ಲೇಖನಿಯನ್ನು ಸಂಶಯದಿಂದ ಕಾಣುವುದಕ್ಕೆ ಕಾರಣ ಇಲ್ಲಿದೆ. ಆ ಸಂಶಯವನ್ನು ವ್ಯಕ್ತಿನಿಂದೆಯೆಂದು ತಳ್ಳಿಹಾಕುವುದು ಸರಿಯಲ್ಲ; ಅಧಿಕಾರದ ರಚನೆಯನ್ನು ಕುರಿತ ತಿಳಿವಳಿಕೆಯೇ ಅದರಲ್ಲಿದೆ. ೧೯೬೧ರ ಗ್ರಾಮಾಧಿಕಾರ ರದ್ದತಿ ಅಧಿನಿಯಮವು ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಶಾನುಭೋಗಿಕೆ ಕೊನೆಗೊಂಡಿತು. ಸಂಬಳದ ಗ್ರಾಮಲೆಕ್ಕಿಗ ಬಂದನು. ವ್ಯಕ್ತಿ ಬದಲಾದರೂ ಮೂರು ಕೆಲಸಗಳು ಒಂದೇ ಕೈಯಲ್ಲಿ ಉಳಿಯುವುದು ಮಾತ್ರ ಬದಲಾಗಲಿಲ್ಲ.

ಇದೇ ಸಮಸ್ಯೆಯನ್ನು ಬೇರೊಂದು ದಿಕ್ಕಿನಿಂದ ಎದುರಿಸಿದವರು ಅಮೆರಿಕದ ಗಣಕವಿಜ್ಞಾನಿಗಳು. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಸರಳ ಕೋಷ್ಟಕಗಳಾಗಿ ಇರಿಸಬೇಕು, ಕೇಳುವವನಿಗೆ ಅದು ಯಂತ್ರದೊಳಗೆ ಎಲ್ಲಿದೆಯೆಂಬ ಚಿಂತೆ ಇರಬಾರದು ಎಂದು ಪ್ರತಿಪಾದಿಸಿದರು. ಸಂಬಂಧಾತ್ಮಕ ದತ್ತಸಂಚಯ, ಅಂದರೆ ರಿಲೇಷನಲ್ ಡೇಟಾಬೇಸ್, ಹುಟ್ಟಿದ್ದು ಈ ವಿಚಾರದಿಂದ. ಕರ್ನಾಟಕದ ರೈತನಿಗೆ ಇದರ ರೂಪ ಅಪರಿಚಿತವಲ್ಲ. ಪಹಣಿ ಎಂದು ಕರೆಯುವ ಆರ್‌ಟಿಸಿ ಕಾಲಂಗಳ ಪತ್ರಿಕೆಯೇ. ೯ನೆಯ ಕಾಲಂನಲ್ಲಿ ಖಾತೆದಾರನ ಹೆಸರು, ೧೦ರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಷನ್ ಸಂಖ್ಯೆ, ೧೧ರಲ್ಲಿ ಇತರ ಹಕ್ಕು ಮತ್ತು ಋಣ, ೧೨ರಲ್ಲಿ ಸಾಗುವಳಿ ಮತ್ತು ಬೆಳೆ. ೧೦ನೆಯ ಕಾಲಂನ ಸಂಖ್ಯೆ ಇನ್ನೊಂದು ಪುಸ್ತಕದ ಇನ್ನೊಂದು ಸಾಲನ್ನು ಬೆರಳುಮಾಡಿ ತೋರಿಸುತ್ತದೆ. ಕೋಷ್ಟಕಗಳು ಒಂದನ್ನೊಂದು ಹೀಗೆ ಸಂಖ್ಯೆಯಿಂದ ಹಿಡಿದುಕೊಂಡಿರುವುದರ ಮೇಲೆಯೇ ದತ್ತಸಂಚಯದ ಕಟ್ಟಡ ನಿಂತಿದೆ.

ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರದ ಯೋಜನೆ ೧೯೮೮-೮೯ರಲ್ಲೇ ಆರಂಭವಾಗಿತ್ತು. ಕರ್ನಾಟಕದಲ್ಲಿ ಅದು ನೆಲಕಂಡದ್ದು ‘ಭೂಮಿ’ ಯೋಜನೆಯಿಂದ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ ಕಂದಾಯ ಇಲಾಖೆಯು ಸುಮಾರು ೬೭ ಲಕ್ಷ ಭೂಮಾಲಿಕರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ೨೦೦೨ರ ಹೊತ್ತಿಗೆ ತಾಲ್ಲೂಕು ಕಚೇರಿಗಳ ಕಿಯೋಸ್ಕ್‌ಗಳಲ್ಲಿ ೧೫ ರೂಪಾಯಿಗೆ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿತು.

ಈ ಬದಲಾವಣೆಯ ತಿರುಳು ಇದ್ದುದು ಮುದ್ರಣದ ವೇಗದಲ್ಲಲ್ಲ, ತಿದ್ದುವ ಅಧಿಕಾರದ ಹಂಚಿಕೆಯಲ್ಲಿ. ಐಬಿಎಂನ ಗ್ರಿಫಿತ್ಸ್ ಮತ್ತು ವೇಡ್ ೧೯೭೬ರಲ್ಲಿ ವಿವರಿಸಿದ ವ್ಯವಸ್ಥೆಯಲ್ಲಿ ಒಂದು ಕೋಷ್ಟಕವನ್ನು ಓದುವ, ಸೇರಿಸುವ, ತಿದ್ದುವ ಹಕ್ಕುಗಳು ಬೇರೆ ಬೇರೆ. ಅವನ್ನು ಕೊಡಬಹುದು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು. ಯಾರಿಗೂ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಹಕ್ಕು ಇರಬಾರದೆಂಬುದು ಅಂದಿನಿಂದ ದತ್ತಸಂಚಯದ ಭದ್ರತೆಯ ಮೊದಲ ಪಾಠವಾಗಿದೆ. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು, ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಡಲಾಗದು. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕು. ನಡುವೆ ಒಬ್ಬನನ್ನು ಮುಂದೆ ತರಲು ತಂತ್ರಾಂಶ ಬಿಡದು. ನೋಟೀಸು ನೀಡಿ ೩೦ ದಿನ ಆಕ್ಷೇಪಣೆಗೆ ಕಾಯಬೇಕಿತ್ತು. ಸಹಿಯಾದ ಆದೇಶದ ಚಿತ್ರವನ್ನು ಸ್ಕ್ಯಾನ್ ಮಾಡಿ ಇರಿಸಿದ್ದರಿಂದ ‘ಇದು ನಾನು ಮಾಡಿದ್ದಲ್ಲ’ ಎಂಬ ನಿರಾಕರಣೆ ಕಷ್ಟವಾಯಿತು. ಕಿಯೋಸ್ಕ್‌ನಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಟ್ಟದ್ದು ಸಣ್ಣ ಸಂಗತಿಯಂತೆ ಕಂಡರೂ, ಶಾನುಭೋಗನ ದಫ್ತರ ಎಂದೂ ಹಾಗೆ ತಿರುಗಿರಲಿಲ್ಲ.

ಆದರೂ ಹಳೆಯ ಪ್ರಶ್ನೆ ಪೂರ್ತಿ ಕರಗುವುದಿಲ್ಲ. ಯಾವುದೇ ದತ್ತಸಂಚಯಕ್ಕೆ ಒಬ್ಬ ನಿರ್ವಾಹಕನಿರುತ್ತಾನೆ. ತಂತ್ರಾಂಶದ ಬಾಗಿಲನ್ನು ಬಳಸದೆ ಕೋಷ್ಟಕವನ್ನೇ ನೇರವಾಗಿ ಮುಟ್ಟುವ ಶಕ್ತಿ ಅವನಿಗೆ ಇರುತ್ತದೆ. ಶಾನುಭೋಗನ ಸ್ಥಾನ ಯಂತ್ರದೊಳಗೆ ಮತ್ತೆ ಹುಟ್ಟುವುದು ಇಲ್ಲಿಯೇ. ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯ ಶಾಪಾಶಯವಲ್ಲ, ಕೆಲಸಗಳ ವಿಂಗಡಣೆ: ನಿರ್ವಾಹಕನು ಮಾಡಿದ್ದೆಲ್ಲ ಒಂದು ದಾಖಲೆಯಲ್ಲಿ ಬೀಳಬೇಕು, ಆ ದಾಖಲೆ ಅವನ ಕೈಗೆ ಸಿಗದ ಕಡೆ ಇರಬೇಕು, ಅದನ್ನು ಓದುವವನು ಬೇರೊಬ್ಬನಾಗಿರಬೇಕು.

ತಿದ್ದುಪಡಿಯ ಗುರುತನ್ನು ಉಳಿಸುವ ಕ್ರಮಕ್ಕೆ ನಮ್ಮ ವ್ಯಾಪಾರಿಗಳ ಲೆಕ್ಕದಲ್ಲಿ ಸಮೀಪದ ಹೋಲಿಕೆಯಿದೆ. ಅಂಗಡಿಯಲ್ಲಿ ವ್ಯವಹಾರ ಮೊದಲು ಬೀಳುವುದು ಅಂದಂದಿನ ಕಿರ್ದಿ ಪುಸ್ತಕಕ್ಕೆ. ಅಲ್ಲಿಂದ ಆಮೇಲೆ ಖಾತೆಗೆ. ಖಾತೆ ಪುಸ್ತಕ ಹಾಳಾದರೆ ಕಿರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದು. ದತ್ತಸಂಚಯದಲ್ಲಿಯೂ ಬದಲಾವಣೆ ಮೊದಲು ಲಾಗ್ ಎಂಬ ದಿನಚರಿಗೆ ಸೇರುತ್ತದೆ, ನಂತರವೇ ಮೂಲ ಪುಟಕ್ಕೆ. ನಡುವೆ ವಿದ್ಯುತ್ ಹೋದರೆ, ಮುಗಿದ ವ್ಯವಹಾರವನ್ನು ಲಾಗ್‌ನಿಂದ ಮರಳಿ ಹಾಕಬಹುದು, ಅರೆಬರೆಯಾದುದನ್ನು ತೆಗೆದುಹಾಕಬಹುದು. ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು ೧೯೯೨ರಲ್ಲಿ ಪ್ರಕಟಿಸಿದ ‘ಏರೀಸ್’ ಕ್ರಮ ಇದರ ಪ್ರಸಿದ್ಧ ರೂಪ. ಅಳಿಸಿದ್ದು ಅಳಿದರೂ ಅಳಿಸಿದ ಸಂಗತಿ ಉಳಿಯುತ್ತದೆ. ಕಡತಕ್ಕೆ ಸಾಧ್ಯವಾಗದಿದ್ದುದು ಇದು. ಡಿಸ್ಕೇ ಸುಟ್ಟುಹೋದರೆ ಬೇಕಾಗುವುದು ಬೇರೆಡೆ ಇಟ್ಟ ಪ್ರತಿ. ಆ ಪ್ರತಿಯಿಂದ ಮೂಲವನ್ನು ಕಟ್ಟಿ ನೋಡದೆ ಅದನ್ನು ನಂಬುವ ನಿರ್ವಾಹಕ ಗೆದ್ದಲು ಹಿಡಿದ ಪೆಟ್ಟಿಗೆಗೆ ಬೀಗ ಹಾಕಿದವನಂತೆ.

ಇನ್ನು ಹುಡುಕಾಟದ ಮಾತು. ಸರ್ವೆ ನಂಬರಿನ ಕ್ರಮದಲ್ಲಿ ಬರೆದ ಪುಸ್ತಕದಲ್ಲಿ ನಂಬರು ಗೊತ್ತಿದ್ದವನಿಗೆ ಹೊಲ ಬೇಗ ಸಿಗುತ್ತದೆ, ಹೆಸರು ಮಾತ್ರ ಗೊತ್ತಿದ್ದವನು ಎಲ್ಲ ಹಾಳೆಗಳನ್ನೂ ತಿರುವಬೇಕು. ಹೆಸರಿನ ಕ್ರಮದಲ್ಲಿ ಇನ್ನೊಂದು ಪಟ್ಟಿ ಇಟ್ಟರೆ ಹುಡುಕಾಟ ಹಗುರ, ಬರಹ ಇಮ್ಮಡಿ. ದತ್ತಸಂಚಯದಲ್ಲಿ ಇಂಡೆಕ್ಸ್ ಎನ್ನುವುದು ಈ ಎರಡನೆಯ ಪಟ್ಟಿ. ಯಾವ ದಾರಿಯಿಂದ ಹುಡುಕಿದರೆ ಶ್ರಮ ಕಡಿಮೆಯೆಂದು ಯಂತ್ರವೇ ಅಂದಾಜು ಮಾಡುವ ವಿಧಾನವನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ೧೯೭೯ರಲ್ಲಿ ನಿರೂಪಿಸಿದರು. ಆ ಅಂದಾಜು ಕೋಷ್ಟಕದ ಅಂಕಿಅಂಶಗಳನ್ನು ನೆಚ್ಚಿದೆ. ಅವು ಹಳತಾದರೆ ಯಂತ್ರ ದೂರದ ದಾರಿ ಹಿಡಿಯುತ್ತದೆ. ಇಂಡೆಕ್ಸುಗಳನ್ನು ಸೇರಿಸುವುದು, ಬೇಡದವನ್ನು ಕಳೆಯುವುದು, ಅಂಕಿಅಂಶಗಳನ್ನು ಹೊಸದಾಗಿಸುವುದು ನಿರ್ವಾಹಕನ ನಿತ್ಯದ ಕೆಲಸ.

ಆದರೆ ಯಾವ ಇಂಡೆಕ್ಸೂ ಪರಿಹರಿಸದ ತೊಡಕೊಂದು ಕನ್ನಡದ ಹೆಸರುಗಳಲ್ಲಿದೆ. ‘ರಾಮಯ್ಯ’ ಮತ್ತು ‘ರಾಮೈಯ್ಯ’ ಊರಿಗೆ ಒಬ್ಬನೇ, ಯಂತ್ರಕ್ಕೆ ಇಬ್ಬರು. ಮನೆಯಲ್ಲಿ ಲಕ್ಕಮ್ಮನಾದವಳು ಕ್ರಯಪತ್ರದಲ್ಲಿ ಲಕ್ಷ್ಮಮ್ಮ. ಹಳೆಯ ಪಹಣಿ ಇದನ್ನು ‘ಬಿನ್’, ‘ಕೋಂ’ ಎಂದು ತಂದೆಯ ಅಥವಾ ಗಂಡನ ಹೆಸರು ಹಚ್ಚಿ ನಿಭಾಯಿಸುತ್ತಿತ್ತು. ಉಳಿದುದನ್ನು ಗ್ರಾಮಲೆಕ್ಕಿಗನ ಮುಖಪರಿಚಯ ತುಂಬುತ್ತಿತ್ತು. ದತ್ತಾಂಶವನ್ನು ಏರಿಸುವಾಗ ಬಿದ್ದ ಒಂದು ಒತ್ತಕ್ಷರದ ತಪ್ಪು ಮುಂದೆ ತಾಲ್ಲೂಕು ಕಚೇರಿಗೆ ತಿದ್ದುಪಡಿಯ ಅರ್ಜಿಯಾಗಿ, ಹಲವು ಸಲದ ಬಸ್ಸಿನ ಖರ್ಚಾಗಿ ರೈತನ ಮೇಲೆ ಬಿತ್ತು. ಭದ್ರತೆ ಬಿಗಿಯಾದಷ್ಟೂ ತಪ್ಪೂ ಭದ್ರವಾಗುತ್ತದೆ ಎಂಬುದನ್ನು ಯೋಜನೆಯ ಪ್ರಶಂಸಕರು ಅಷ್ಟಾಗಿ ಗಮನಿಸಿದಂತಿಲ್ಲ. ದಾಖಲೆಯ ಮೇಲಿನ ಹಿಡಿತ ಹಳ್ಳಿಯಿಂದ ಮೇಲಕ್ಕೆ ಸರಿದುದರಿಂದ ಬೆಂಗಳೂರಿನ ಸುತ್ತಮುತ್ತ ಅನುಕೂಲ ಪಡೆದವರು ದೊಡ್ಡ ಭೂವ್ಯವಹಾರದವರೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ೨೦೦೭ರಲ್ಲಿ ವಾದಿಸಿದರು. ಈ ವಾದವನ್ನು ಇಡೀ ರಾಜ್ಯಕ್ಕೆ ಅನ್ವಯಿಸುವುದು ಕಷ್ಟ. ಆದರೆ ಅದು ಎತ್ತಿದ ಪ್ರಶ್ನೆ ಸರಿಯಾದುದು.

ಕಾಲಂ ಇಲ್ಲದ ತಿಳಿವಳಿಕೆಯ ಗತಿಯೇನು ಎಂಬುದು ಜಾನಪದದ ದೃಷ್ಟಿಯಿಂದ ಇನ್ನೂ ಮುಖ್ಯ. ಹೊಲಗಳಿಗೆ ಜನ ಕರೆಯುವ ಹೆಸರುಗಳಿವೆ: ಬಾವಿ ಹೊಲ, ಹುಣಿಸೆಮರದ ಹೊಲ, ಮಾರಿಗುಡಿ ಹಿಂದಲ ಗದ್ದೆ. ಬಾವಿ ಮುಚ್ಚಿದರೂ ಮರ ಉರುಳಿದರೂ ಹೆಸರು ಉಳಿಯುತ್ತದೆ. ಗಡಿ ವ್ಯಾಜ್ಯ ಬಂದಾಗ ಹಿರಿಯರ ಸಾಕ್ಷಿ ಇಂಥ ಹೆಸರುಗಳನ್ನೇ ಹಿಡಿದು ನಡೆಯುತ್ತದೆ. ಪಹಣಿಯಲ್ಲಿ ಇವಕ್ಕೆ ಸ್ಥಳವಿಲ್ಲ. ಅಲ್ಲಿರುವುದು ಸರ್ವೆ ನಂಬರು ಮತ್ತು ಹಿಸ್ಸೆ. ಕೈಬರಹದ ಕಾಲದಲ್ಲಿ ಈ ಎರಡನ್ನೂ ಬಲ್ಲ ಒಬ್ಬ ಮನುಷ್ಯ ನಡುವೆ ಇದ್ದ.

೨೦೨೪ರಲ್ಲಿ ಕಂದಾಯ ಇಲಾಖೆಯು ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ದಾಖಲೆ ಕೊಠಡಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುವ ಕಾರ್ಯವನ್ನು ರಾಜ್ಯದಲ್ಲಿ ವಿಸ್ತರಿಸಿತು. ಗೆದ್ದಲು, ಒದ್ದೆ, ಕಳವುಗಳಿಂದ ಕಾಗದವನ್ನು ಉಳಿಸುವ ಕೆಲಸವಾಗಿ ಇದು ಅಗತ್ಯವಾದುದು. ಸ್ಕ್ಯಾನ್ ಆದ ಹಾಳೆ ಮಾತ್ರ ಯಂತ್ರಕ್ಕೆ ಒಂದು ಚಿತ್ರವಷ್ಟೇ. ಓದಬಲ್ಲವನೊಬ್ಬನು ಅದರ ಹೆಸರು, ನಂಬರು, ವರ್ಷಗಳನ್ನು ಕಾಲಂಗಳಿಗೆ ಇಳಿಸಿದ ಮೇಲೆಯೇ ಅದು ಹುಡುಕಾಟಕ್ಕೆ ಸಿಗುವುದು. ಹಳೆಯ ಮುಂಬಯಿ ಕರ್ನಾಟಕದ ದಾಖಲೆಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ, ಹೈದರಾಬಾದ್ ಕರ್ನಾಟಕದವು ಉರ್ದುವಿನಲ್ಲಿವೆ. ಅವನ್ನು ಸರಾಗವಾಗಿ ಓದಬಲ್ಲವರು ಈಗ ವಿರಳ, ಅವರಲ್ಲಿ ಬಹುಪಾಲು ವಯಸ್ಸಾದವರು.