ಸೇವಾ ಸಂಘಗಳ ದಾನಪರಂಪರೆ: ಮೂಸಿಯ ಮಹಾಪೂರದಿಂದ ಅಮೀರ್‌ಪೇಟೆಯವರೆಗೆ

ದಾನವೆಂಬುದು ಭಾರತೀಯರಿಗೆ ಹೊಸ ವಿಷಯವಲ್ಲ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಬೇಸಿಗೆಯಲ್ಲಿ ಅರವಟ್ಟಿಗೆ ಇರಿಸುವುದು, ಓದುವ ಹುಡುಗನಿಗೆ ವಾರಾನ್ನ ನೀಡುವುದು ಗೃಹಸ್ಥಧರ್ಮದ ಅಂಗವೆಂದೇ ಹಿರಿಯರು ತಿಳಿದಿದ್ದರು. ಭಗವದ್ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕ ದಾನವನ್ನು ಹೇಳುವಾಗ ದೇಶ, ಕಾಲ, ಪಾತ್ರ ಎಂಬ ಮೂರನ್ನು ಮುಂದಿಡುತ್ತದೆ. ಎಲ್ಲಿ ಕೊಡಬೇಕು, ಯಾವಾಗ ಕೊಡಬೇಕು, ಯಾರಿಗೆ ಕೊಡಬೇಕು ಎಂಬ ವಿವೇಕವಿಲ್ಲದಿದ್ದರೆ ಕೊಟ್ಟದ್ದೂ ವ್ಯರ್ಥವಾಗಬಹುದೆಂಬುದು ಅದರ ಭಾವ. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ ಬೆಳೆದ ಸೇವಾ ಸಂಘಗಳು ಈ ವಿವೇಕವನ್ನು ಹೇಗೆ ಪಾಲಿಸಿದವು, ಎಲ್ಲಿ ಎಡವಿದವು ಎಂಬುದನ್ನು ಹೈದರಾಬಾದಿನ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಪಯುಕ್ತ.

ಮಹಾಪೂರ ಕಲಿಸಿದ ಪಾಠ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಹೈದರಾಬಾದ್ ನಗರದ ಬಹುಭಾಗವನ್ನು ನುಂಗಿತು. ಸುಮಾರು 15,000 ಜನ ಪ್ರಾಣ ಕಳೆದುಕೊಂಡರೆಂಬುದು ಇತಿಹಾಸಕಾರರ ಅಂದಾಜು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಸೆಮರವನ್ನೇರಿ ನೂರೈವತ್ತರಷ್ಟು ಜನ ಬದುಕುಳಿದರು. ಆ ಮರ ಇಂದಿಗೂ ನಗರದ ನೆನಪಿನಲ್ಲಿ ಪೂಜ್ಯ ಸ್ಥಾನ ಪಡೆದಿದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗಾಗಿ ಅಡುಗೆಶಾಲೆಗಳನ್ನು ತೆರೆಸಿದರು. ಜಾತಿ ಮತಗಳನ್ನೆಣಿಸದೆ ನಾಗರಿಕರು ಒಬ್ಬರಿಗೊಬ್ಬರು ನೆರವಾದರು.

ಹಸಿದವನಿಗೆ ಅನ್ನ ಮೊದಲು, ವಿಚಾರ ಆಮೇಲೆ. ಆದರೆ ವಿಚಾರ ಬರಲೇ ಇಲ್ಲವೆಂದಾದರೆ ಮುಂದಿನ ಪೂರಕ್ಕೂ ಮತ್ತೆ ಅಡುಗೆಶಾಲೆಯೇ ಗತಿ. ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ 1909ರಲ್ಲಿ ಬಂದ ಕನ್ನಡಿಗ ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಯೋಜನೆಯನ್ನು ರೂಪಿಸಿದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ತತ್ಕಾಲದ ನೆರವು ಒಂದು, ಸಂಕಟದ ಮೂಲವನ್ನೇ ತಡೆಯುವ ಶಾಶ್ವತ ಕಾರ್ಯ ಇನ್ನೊಂದು. ಮುಂದೆ ಬಂದ ಸೇವಾ ಸಂಘಗಳ ಸಾಧನೆಯನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಬೇರಿಲ್ಲ.

ಸಂಘಗಳ ಉದಯ

1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಮಿತ್ರರೊಡನೆ ಸಭೆ ಸೇರಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ನಡೆಯುತ್ತಿದ್ದುದರಿಂದ ಆ ಕೂಟಕ್ಕೆ ರೋಟರಿ ಎಂಬ ಹೆಸರು ಬಂದಿತು. ಅದು ಕೈಗೊಂಡ ಮೊದಲ ಲೋಕೋಪಕಾರಿ ಕಾರ್ಯಗಳಲ್ಲಿ ಸಾರ್ವಜನಿಕ ಶೌಚಾಲಯದ ನಿರ್ಮಾಣವೂ ಒಂದೆಂಬುದು ಗಮನಾರ್ಹ. ಜನಕ್ಕೆ ಬೇಕಾದದ್ದನ್ನು ನೋಡಿದರೇ ಹೊರತು ಶೋಭೆಯನ್ನು ನೋಡಲಿಲ್ಲ. 1917ರಲ್ಲಿ ಪ್ರಸ್ತಾಪಗೊಂಡ ಅದರ ದತ್ತಿನಿಧಿಗೆ ಸಂದ ಮೊದಲ ಕಾಣಿಕೆ ಕೇವಲ 26 ಡಾಲರ್ 50 ಸೆಂಟ್. ಹನಿಗೂಡಿ ಹಳ್ಳವಾಯಿತೆಂಬ ಮಾತಿಗೆ ಇದು ತಕ್ಕ ನಿದರ್ಶನ. ಅದೇ 1917ರಲ್ಲಿ ಮೆಲ್ವಿನ್ ಜೋನ್ಸ್ ಅವರಿಂದ ಲಯನ್ಸ್ ಸಂಸ್ಥೆ ಸ್ಥಾಪಿತವಾಯಿತು. ರೋಟರಿ 1920ರ ಹೊತ್ತಿಗೆ ಕಲ್ಕತ್ತೆಯ ಮೂಲಕವೂ, ಲಯನ್ಸ್ 1956ರಲ್ಲಿ ಮುಂಬಯಿಯ ಮೂಲಕವೂ ಭಾರತವನ್ನು ಪ್ರವೇಶಿಸಿದವು.

ಈ ಸಂಘಗಳು ತಂದ ಹೊಸತನ ಔದಾರ್ಯವಲ್ಲ, ಅದು ಇಲ್ಲಿ ಮೊದಲೇ ಇತ್ತು. ಅವು ತಂದದ್ದು ಕ್ರಮ. ನಿಯತ ಸಭೆ, ಬರೆದಿಟ್ಟ ನಡಾವಳಿ, ಒಂದು ವರ್ಷದ ಅಧ್ಯಕ್ಷತೆ, ಲೆಕ್ಕಪರಿಶೋಧನೆ ಇವು ಆ ಕ್ರಮದ ಅಂಗಗಳು. ಲಯನ್ಸ್ ನಿಯಮದಂತೆ ಸಂಘದ ಆಡಳಿತ ವೆಚ್ಚಕ್ಕೆ ಒಂದು ಖಾತೆ, ಸಾರ್ವಜನಿಕರಿಂದ ಬಂದ ಸೇವಾನಿಧಿಗೆ ಮತ್ತೊಂದು. ಸದಸ್ಯರ ಊಟೋಪಚಾರಕ್ಕೆ ದಾನಿಯ ಹಣ ಸಲ್ಲಕೂಡದು. ದಾನದ ಪಾವಿತ್ರ್ಯವನ್ನು ಲೆಕ್ಕದ ಪುಸ್ತಕವೂ ಕಾಯಬಲ್ಲುದೆಂಬುದನ್ನು ಈ ನಿಯಮ ತೋರಿಸುತ್ತದೆ.

ನೇತ್ರದಾನದ ಹಾದಿ

1925ರ ಲಯನ್ಸ್ ಮಹಾಸಮ್ಮೇಳನದಲ್ಲಿ ಅಂಧೆಯೂ ಕಿವುಡಿಯೂ ಆಗಿದ್ದ ಹೆಲೆನ್ ಕೆಲರ್ ಅವರು ಅಂಧರ ನೆರವಿಗೆ ನಿಲ್ಲಬೇಕೆಂದು ಸದಸ್ಯರಿಗೆ ಕರೆಯಿತ್ತರು. ಅಂದಿನಿಂದ ದೃಷ್ಟಿರಕ್ಷಣೆ ಆ ಸಂಸ್ಥೆಯ ಮುಖ್ಯ ವ್ರತವಾಯಿತು. ಕನ್ನಡ ನಾಡಿನಲ್ಲಿ ಈ ಕಾರ್ಯಕ್ಕೆ ಮನೆಮಾತಾದವರು ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು. ಊರೂರಿಗೆ ತೆರಳಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದ ಅವರು ತಿರುಪತಿಯ ಶಿಬಿರವೊಂದರಲ್ಲಿ ಒಂದೇ ದಿನ 833 ಮಂದಿಗೆ ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮಾಡಿದ್ದು ದಾಖಲೆಯಾಯಿತು. ವೈದ್ಯರ ಕೈ ಒಂದಾದರೆ, ಚಪ್ಪರ ಹಾಕಿಸಿ, ರೋಗಿಗಳಿಗೂ ಜೊತೆಗೆ ಬಂದವರಿಗೂ ಅನ್ನ ಬಡಿಸುವ ಕೈಗಳು ನೂರಾರು ಬೇಕು. ಊರಿನ ಸೇವಾಸಕ್ತರೇ ಆ ಕೈಗಳಾದರು.

ಕಾಲಕ್ರಮದಲ್ಲಿ ವಿಧಾನ ಬದಲಾಯಿತು. ಚಪ್ಪರದಡಿಯ ಶಸ್ತ್ರಕ್ರಿಯೆಯಲ್ಲಿ ಸೋಂಕಿನ ಭಯವಿದ್ದುದರಿಂದ, ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಎಂಬ ಪದ್ಧತಿ ನೆಲೆಗೊಂಡಿತು. ಅಮೀರ್‌ಪೇಟೆಗೆ ಸಮೀಪದ ಬಂಜಾರಾ ಹಿಲ್ಸ್‌ನಲ್ಲಿ ಡಾ. ಗುಲ್ಲಪಲ್ಲಿ ಎನ್. ರಾವ್ ಅವರು 1980ರ ದಶಕದಲ್ಲಿ ಆರಂಭಿಸಿದ ನೇತ್ರ ಸಂಸ್ಥೆಗೆ ಚಲನಚಿತ್ರ ನಿರ್ಮಾಪಕ ಎಲ್. ವಿ. ಪ್ರಸಾದರು ಭೂಮಿಯನ್ನೂ ಒಂದು ಕೋಟಿ ರೂಪಾಯಿಯನ್ನೂ ನೀಡಿದರು. ಒಬ್ಬರ ದಾನ ಸಂಸ್ಥೆಯ ರೂಪ ತಾಳಿದರೆ ದಾನಿಯ ಆಯುಷ್ಯವನ್ನು ಮೀರಿ ಬಾಳುತ್ತದೆ.

ಎರಡು ಹನಿಗಳ ವಿಜಯ

ಸೇವಾ ಸಂಘಗಳ ಇತಿಹಾಸದಲ್ಲಿ ಅತ್ಯುಜ್ವಲ ಅಧ್ಯಾಯ ಪೋಲಿಯೊ ನಿರ್ಮೂಲನೆಯದು. 1985ರಲ್ಲಿ ರೋಟರಿ ಸಂಸ್ಥೆ ಈ ಸಂಕಲ್ಪ ತೊಟ್ಟಿತು. ಭಾರತದಲ್ಲಿ 1995ರಿಂದ ದೇಶವ್ಯಾಪಿಯಾಗಿ ಪಲ್ಸ್ ಪೋಲಿಯೊ ಕಾರ್ಯಕ್ರಮ ನಡೆಯಿತು. ಲಸಿಕೆಯನ್ನು ತಯಾರಿಕೆಯ ಸ್ಥಳದಿಂದ ಮಗುವಿನ ಬಾಯಿಯವರೆಗೆ ತಣ್ಣಗೆ ಕಾಪಾಡಬೇಕು. ನಡುವೆ ಎಲ್ಲಿ ಶೈತ್ಯ ತಪ್ಪಿದರೂ ಶ್ರಮವೆಲ್ಲ ನಿಷ್ಫಲ. ಐಸ್ ಪೆಟ್ಟಿಗೆ ಹೊತ್ತು ಕಾರ್ಯಕರ್ತರು ಗಲ್ಲಿಗಲ್ಲಿಗೆ ನಡೆದರು. ವಲಸೆ ಕುಟುಂಬಗಳ ಮಕ್ಕಳು ತಪ್ಪಿಹೋಗದಂತೆ ರೈಲು ನಿಲ್ದಾಣಗಳಲ್ಲಿಯೂ ಓಡುವ ಗಾಡಿಗಳಲ್ಲಿಯೂ ಹನಿ ಹಾಕಲಾಯಿತು. ವೆಚ್ಚದ ದೊಡ್ಡ ಪಾಲನ್ನು ಸರ್ಕಾರ ಹೊತ್ತಿತು. ಬೂತ್ ನಡೆಸುವುದು, ಸಂಶಯಪಡುವ ತಾಯಂದಿರ ಮನವೊಲಿಸುವುದು ಇವುಗಳಲ್ಲಿ ಸಂಘಗಳ ಸದಸ್ಯರು ಹೆಗಲು ಕೊಟ್ಟರು. 2009ರಲ್ಲಿ 741 ಪ್ರಕರಣಗಳಿದ್ದ ದೇಶದಲ್ಲಿ 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದೇ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು. ಪ್ರತಿವರ್ಷ ಅಧ್ಯಕ್ಷರು ಬದಲಾದರೂ ಕಾರ್ಯ ಬದಲಾಗಲಿಲ್ಲ. ಆ ವಿಜಯದ ಗುಟ್ಟು ಇದೇ.

ಇಂದಿನ ಅಮೀರ್‌ಪೇಟೆ

2017ರ ನವೆಂಬರಿನಿಂದ ಮೆಟ್ರೊ ರೈಲಿನ ಮುಖ್ಯ ಸಂಧಿಸ್ಥಾನವಾಗಿರುವ ಅಮೀರ್‌ಪೇಟೆ ಅದಕ್ಕೆ ಬಹು ಮೊದಲೇ ಕಂಪ್ಯೂಟರ್ ತರಬೇತಿಯ ಪೇಟೆಯೆಂದು ಪ್ರಸಿದ್ಧವಾಗಿತ್ತು. ಕಲಿಯುವ ಆಸೆಯಿಂದ ದೂರದ ಊರುಗಳ ತರುಣ ತರುಣಿಯರು ಇಲ್ಲಿನ ಹಾಸ್ಟೆಲುಗಳಲ್ಲಿ ತಂಗುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಹಲವು ಹಾಸ್ಟೆಲುಗಳು ಖಾಲಿ ಮಾಡಲು ಹೇಳಿದವು. ಊರಿಗೆ ಹೋಗುವ ಅನುಮತಿಗಾಗಿ ಯುವಜನರು ಪೊಲೀಸ್ ಠಾಣೆಗಳ ಮುಂದೆ ಸಾಲುಗಟ್ಟಿ ನಿಂತರು. ಹೊರಟ ಹಲವರನ್ನು ರಾಜ್ಯದ ಗಡಿಯಲ್ಲಿ ತಡೆಯಲಾಯಿತು. ಒಳ್ಳೆಯ ಬಟ್ಟೆ ತೊಟ್ಟ, ಕೈಯಲ್ಲಿ ಫೋನಿರುವ ಹುಡುಗನೂ ಅನ್ನಕ್ಕೆ ಪರದಾಡಬಹುದೆಂಬುದು ಆಗ ಲೋಕಕ್ಕೆ ತಿಳಿಯಿತು. ಹಿಂದೆ ವಾರಾನ್ನದ ಮನೆಗಳು ಕಾಯುತ್ತಿದ್ದುದು ಇಂಥವರನ್ನೇ. ಇಂಥ ಬಡಾವಣೆಯಲ್ಲಿ 'ಪಾತ್ರ' ಯಾರೆಂದು ಹುಡುಕುವುದೇ ಸೇವಾ ಸಂಘದ ಮೊದಲ ಕರ್ತವ್ಯ.

ವರ್ಷಕ್ಕೊಮ್ಮೆ ಅಧ್ಯಕ್ಷರು ಬದಲಾಗುವ ಪದ್ಧತಿಯಲ್ಲಿ ಒಂದು ಅಪಾಯವೂ ಉಂಟು. ಪ್ರತಿಯೊಬ್ಬರೂ ತಮ್ಮ ಹೆಸರಿನ ಹೊಸ ಯೋಜನೆಯನ್ನೇ ಬಯಸಿದರೆ ಹಳೆಯದು ಅನಾಥವಾಗುತ್ತದೆ. ಹೊಲಿಗೆಯಂತ್ರ ಹಂಚಿದ ಮೇಲೆ ಅದು ಹೊಲಿಯುತ್ತಿದೆಯೇ, ಶಾಲೆಗೆ ಕೊಟ್ಟ ನೀರು ಶುದ್ಧಿಯಂತ್ರ ನಡೆಯುತ್ತಿದೆಯೇ ಎಂದು ಮರುವರ್ಷ ಹೋಗಿ ನೋಡುವವರು ವಿರಳ. ಭಾವಚಿತ್ರಕ್ಕೆ ಉದ್ಘಾಟನೆ ಒದಗುತ್ತದೆ, ದುರಸ್ತಿ ಒದಗುವುದಿಲ್ಲ. ಆದರೆ ದಾನ ಫಲಿಸುವುದು ದುರಸ್ತಿಯಿಂದಲೇ. ಸಂಘಗಳು ಪ್ರತಿವರ್ಷದ ನಿಧಿಯಲ್ಲಿ ಒಂದು ಭಾಗವನ್ನು ಹಿಂದಿನವರು ಮಾಡಿದ ಕಾರ್ಯಗಳ ರಕ್ಷಣೆಗೆಂದೇ ತೆಗೆದಿಟ್ಟರೆ, ಕಡಿಮೆ ಹಣದಲ್ಲಿ ಹೆಚ್ಚು ಜನರಿಗೆ ಉಪಕಾರವಾದೀತು.

ಮೂಸಿಯ ತೀರದ ಅಡುಗೆಶಾಲೆ ಅಂದಿನ ಹಸಿವನ್ನು ನೀಗಿಸಿತು. ಜಲಾಶಯ ಮುಂದಿನ ತಲೆಮಾರುಗಳನ್ನು ಕಾಯಿತು. ಇವೆರಡೂ ಬೇಕು. ಕೊಡುವ ಕೈ ವರ್ಷವರ್ಷ ಬದಲಾಗಲಿ, ಕೊಟ್ಟದ್ದನ್ನು ಕಾಯುವ ಕಣ್ಣು ಮಾತ್ರ ಒಂದೇ ಆಗಿರಲಿ. ಹಾಗಾದಾಗ ದೇಶ, ಕಾಲ, ಪಾತ್ರಗಳನ್ನರಿತ ದಾನವೆಂಬ ಹೆಸರಿಗೆ ಸೇವಾ ಸಂಘಗಳ ಕಾರ್ಯವೂ ಅರ್ಹವಾಗುತ್ತದೆ.